ಮೂಗು ಹಿಡಿದ ಮಕಾರ

ಡೊಂಬಿವಲಿಯ ಚಾಳಿನ ವಠಾರದವರೆಲ್ಲ ಮಲಗಿದ ಮೇಲೆ ಗೋಡೆಯಾಚೆಯಿಂದ ‘ಮ್... ಬ್... ಮ್...’ ಎಂಬ ಸಣ್ಣ ದನಿ ಕೇಳಿ ಕಲಬುರಗಿಯ ಸತ್ಯಮ್ಮ ಗಂಡ ಜಟ್ಟೆಪ್ಪನನ್ನು ತಿವಿದಳು.

“ಏಳ್ರೀ, ಬಾಜೂ ಮನಿ ಸರಗ ಏನೋ ಆಗೇದ.”

“ಭಾಳ ಓದಿದವ್ರಿಗೆ ಹಂಗ ಆಗ್ತದ. ಮಲ್ಕೋ.”

ಆಗಿದ್ದು ಇಷ್ಟೇ. ಉಡುಪಿಯ ಲೋಕನಾಥ ಠಾಣೆಯ ಕಾಲೇಜೊಂದರಲ್ಲಿ ಭಾಷಾವಿಜ್ಞಾನದ ಹಂಗಾಮಿ ಮೇಷ್ಟ್ರು. ಮರುದಿನ ಹನ್ನೊಂದಕ್ಕೆ ಮಕಾರದ ಮೇಲೆ ಅವನ ಉಪನ್ಯಾಸ. ಕೇಳಲು ಬರುವ ಪುಣೆಯ ಪ್ರೊಫೆಸರರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲವಾದರೆ ಕಲ್ಯಾಣದಲ್ಲಿ ಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯೇ ಗತಿ.

‘ಮ್’ ಎನ್ನುವುದು ಇಡಿಯಾದ ಕಲ್ಲಲ್ಲ. ತುಟಿ ಮುಚ್ಚುವುದು, ಗಂಟಲು ನಡುಗುವುದು, ಮೂಗಿನ ದಾರಿ ತೆರೆಯುವುದು ಎಲ್ಲ ಅದರೊಳಗಿನ ಬಿಡಿ ಭಾಗಗಳು. ಈ ಶಾಸ್ತ್ರದ ಹಿರಿಯರು ಇವನ್ನು ಮೂಟೆಯೊಳಗಿನ ಬಟಾಟೆಗಳಂತೆ ಒಟ್ಟಿಗೆ ತುಂಬಿದ್ದರು. ಹೊಸಬರು ಮರದ ಕೊಂಬೆಗಳಂತೆ ಜೋಡಿಸತೊಡಗಿದ್ದರು. ಲೋಕನಾಥ ಮರದ ಪಕ್ಷ. ಮೂಗಿನ ಕೊಂಬೆ ಕಡಿದರೂ ಉಳಿದ ಮರ ಅಲುಗುವುದಿಲ್ಲ, ‘ಮ್’ ಹೋಗಿ ‘ಬ್’ ನಿಲ್ಲುತ್ತದೆ ಎಂದು ಸಭೆಗೆ ಮೂಗು ಹಿಡಿದೇ ತೋರಿಸುವವನಿದ್ದ.

ಬೆಳಿಗ್ಗೆ ಟೈ ಕಟ್ಟಿ, ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ನಿಂತು, ಕೊನೆಯ ಅಭ್ಯಾಸಕ್ಕೆಂದು ಮೂಗು ಹಿಡಿದ.

ನೀರು ತುಂಬುತ್ತಿದ್ದ ಸತ್ಯಮ್ಮ ನೋಡಿದಳು. ಭೋಪಾಲದ ಅನಿಲ ದುರಂತ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಡೊಂಬಿವಲಿಯ ಕಾರ್ಖಾನೆ ಬಡಾವಣೆ ಎಂಐಡಿಸಿಯ ಚಾಳಿನಲ್ಲಿ ಓದಿದ ಮನುಷ್ಯನೊಬ್ಬ ಮೂಗು ಹಿಡಿದು ಕಾರ್ಖಾನೆಗಳ ಕಡೆ ನೋಡಿದರೆ ಅದಕ್ಕೆ ಒಂದೇ ಅರ್ಥ.

“ಗ್ಯಾಸ್ ಬಿಟ್ಟಾರ! ಓಡ್ರೋ!”

ಹಂಡೆ ಉರುಳಿತು. ಮೂಟೆ ಹರಿದ ಬಟಾಟೆಗಳಂತೆ ಜನ ಮೆಟ್ಟಿಲಿಳಿದರು. ಮೇಲಿನ ಮಾಳಿಗೆಯ ವೇದಾವತಿ ಓಡಿಬಂದು ಒದ್ದೆ ಟವೆಲನ್ನು ಲೋಕನಾಥನ ಮೂಗಿಗೆ ಒತ್ತಿದರು.

“ಬಿಡ್ಬೇಡಿ ಮಾಸ್ತರ್ರೇ, ಗಟ್ಟಿ ಹಿಡ್ಕೊಳ್ಳಿ!”

‘ನನ್ನ ಮಕಾರ’ ಎಂದು ವಿವರಿಸಹೋದ. “ದದ್ದ ಬಕಾರ” ಎಂದು ಹೊರಬಂತು.

“ಅಯ್ಯೋ ದೇವ್ರೇ, ನಾಲಗೆಗೇ ಹತ್ತಿತಲ್ಲ ಮಾರಾಯ್ರೆ!”

ಅವನನ್ನು ಮೈದಾನಕ್ಕೆ ಎಳೆದೊಯ್ದರು. ಅಲ್ಲಿ ಇಡೀ ಚಾಳು ಮೂಗು ಹಿಡಿದು ನಿಂತಿತ್ತು. ಮಕ್ಕಳು “ಅಬ್ಬಾ” ಎಂದು ಅಳುತ್ತಿದ್ದವು. ಜಟ್ಟೆಪ್ಪ “ದಬ್ಬ ಬದಿ” ಎಂದು ಮನೆಯತ್ತ ಕೈ ತೋರಿಸುತ್ತಿದ್ದ. ಲೋಕನಾಥನಿಗೆ ರೋಮಾಂಚನವಾಯಿತು. ಉಡುಪಿ, ಕಲಬುರಗಿ, ಮರಾಠಿ, ಎಲ್ಲ ಬಾಯಿಗಳೂ ಅವನದೇ ಪಕ್ಷ!

“ಜಟ್ಟೆಪ್ಪ, ಇನ್ನೊಮ್ಮೆ ಹೇಳಪ್ಪ!”

“ದೀವು ಹುಚ್ಚರೇದ್ರೀ?”

“ಆಹಾ!”

ಒಬ್ಬೊಬ್ಬರ ಬಾಯಿಗೂ ಕಿವಿ ಹಚ್ಚುತ್ತ ಹೋದ. ಠಾಣೆಗೆ ಹೋಗುವ ಲೋಕಲ್‌ಗಳು ಒಂದರ ಹಿಂದೊಂದು ಹೋದವು. ಗಡಿಯಾರ ನೋಡಿಕೊಂಡಾಗ ಹನ್ನೊಂದು ದಾಟಿತ್ತು.

“ಗ್ಯಾಸೂ ಇಲ್ಲ, ಮಣ್ಣೂ ಇಲ್ಲ! ಮೂಗು ಬಿಡ್ರೀ!” ಎಂದು ಕಿರುಚಿದ.

ಬಿಟ್ಟರು. ಅಷ್ಟರಲ್ಲಿ ಗಾಳಿ ತಿರುಗಿತು. ಸಾವಿರ ಕೊಳೆತ ಮೊಟ್ಟೆಗಳು ಒಮ್ಮೆಲೇ ಒಡೆದಂತೆ ವಾಸನೆ ಬಡಿದು, ಎಲ್ಲರೂ ಮತ್ತೆ ಮೂಗು ಹಿಡಿದರು. ಹಿಂದೆಯೇ ಬೆಂಕಿ ಆರಿಸುವ ಬಂಬಿನ ಗಾಡಿ ಗಂಟೆ ಬಾರಿಸುತ್ತ ಬಂತು. ಬೆಳಗಿನ ಜಾವ ಯಾವುದೋ ಕಾರ್ಖಾನೆಯ ಪೈಪು ನಿಜಕ್ಕೂ ಒಡೆದಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸಂಜೆ ಕಾಲೇಜಿನಿಂದ ಸುದ್ದಿ ಬಂತು: ಅವನ ಬದಲಿಗೆ ಮಾತಾಡಿದ ಮೂಟೆ ಪಕ್ಷದವನು ಕಾಯಂ ಆಗಿದ್ದ. ಚಾಳಿನವರು ಲೋಕನಾಥನಿಗೆ ಚೆಂಡುಹೂವಿನ ಹಾರ ಹಾಕಿ, ನಾಳೆಯಿಂದ ದಿನಾ ಬೆಳಗಿನ ಜಾವ ಗ್ಯಾಲರಿಯಲ್ಲಿ ನಿಂತು ಗಾಳಿ ಮೂಸುವ ಜವಾಬ್ದಾರಿ ಒಪ್ಪಿಸಿದರು.

“ಯಾರಿಗೂ ವಾಸನಿ ಬರೂ ಮೊದಲ ನಿಮಗ ಹೆಂಗ ಗೊತ್ತಾತ್ರೀ ಸರ?” ಎಂದಳು ಸತ್ಯಮ್ಮ.

ಕೆಲಸ ಹೋಗಿತ್ತು. ನಿಜ ಹೇಳಿದರೆ ಕೊರಳಿನ ಹಾರವೂ ಹೋಗುತ್ತದೆ. ಲೋಕನಾಥ ಮಕಾರದ ಮಾತನ್ನು ಸಾಯುವತನಕ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಗಂಭೀರವಾಗಿ ಮೂಗು ಮುಟ್ಟಿಕೊಂಡ.