ನನ್ನ ಅಂಗಿಯನ್ನು ನಂಬಿದ ಪಿಕಳಾರ

ಮನೆತನದಲ್ಲೇ ಮೊದಲ ಪದವೀಧರನಾಗುವುದರ ಕಷ್ಟ, ಅಜ್ಜನ ಕಾಲದಿಂದ ಓದಿಕೊಂಡು ಬಂದವರಿಗೆ ತಿಳಿಯುವುದಿಲ್ಲ. ಅವರ ಮನೆಯಲ್ಲಿ ಫ್ಯೂಸ್ ಹೋದರೆ ಲೈನ್‌ಮನ್ನನ್ನು ಕರೆಯುತ್ತಾರೆ. ನಮ್ಮ ಮನೆಯಲ್ಲಿ ನನ್ನನ್ನು ಕರೆಯುತ್ತಾರೆ. ದನಕ್ಕೆ ಹೊಟ್ಟೆ ಉಬ್ಬರಿಸಿದರೂ, ನೆರೆಮನೆಯ ಟಿ.ವಿ.ಯಲ್ಲಿ ಚಿತ್ರ ಕುಣಿದರೂ "ಅವ ಬಿಯೆಸ್ಸಿ ಮಾಡಿದ್ದ, ಅವ್ನ್ ಹತ್ರ ಕೇಣಿ" ಎಂಬುದೇ ಕೊನೆಯ ಮಾತು. ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತು, ನಾನು ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ತಟ್ಟೆ ತೊಳೆದು, ಸಾಂಬಾರಿನ ವಾಸನೆ ಹೋಗದ ಕೈಯಲ್ಲೇ ಕಾಲೇಜಿನಲ್ಲಿ ಕಪ್ಪೆ ಕೊಯ್ದು ಪಡೆದ ಪದವಿ ಅದು. ಹಾಗಾಗಿ 'ಗೊತ್ತಿಲ್ಲ' ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ವಿಚಿತ್ರವೆಂದರೆ, ನಾನು ಓದಿದ್ದು ಪ್ರಾಣಿಶಾಸ್ತ್ರ. ಹೆಮ್ಮಾಡಿ ಕಡೆಯ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆದರೆ ಪ್ರಾಣಿಶಾಸ್ತ್ರದ ಒಂದೇ ಒಂದು ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೂ ಅಮ್ಮ ಕೇಳಿದಳು, ಬಸಳೆ ಚಪ್ಪರದ ಕೆಳಗೆ ನಿಂತು, ಕೈಯಲ್ಲಿ ಕತ್ತಿ ಹಿಡಿದುಕೊಂಡು.

ಆಗ ಮೇ ತಿಂಗಳ ಕೊನೆ. ಬಾವಿ ತಳ ಕಂಡಿತ್ತು. ಹರಿವೆ ಒಣಗಿ, ಬೆಂಡೆಯ ಗಿಡದಲ್ಲಿ ಕೋಲಷ್ಟೇ ಉಳಿದಿತ್ತು. ಹಿತ್ತಿಲಲ್ಲಿ ಹಸಿರಾಗಿ ಉಳಿದದ್ದು ಬಚ್ಚಲ ನೀರು ಹರಿಯುವಲ್ಲಿ ಹಬ್ಬಿದ್ದ ಬಸಳೆಯೊಂದೇ. ಅದು ಬಾಡಬಾರದೆಂದು ಅಮ್ಮ ನನ್ನನ್ನು ದಿನಕ್ಕೆರಡು ಬಾರಿ ಸ್ನಾನಕ್ಕೆ ಅಟ್ಟುತ್ತಿದ್ದಳು. ಮಗ ಶುಭ್ರವಾಗಿರಲಿ ಎಂಬ ಆಸೆ ಅದರಲ್ಲಿ ಕಿಂಚಿತ್ತೂ ಇರಲಿಲ್ಲ. ಮುಂಬಯಿಯಲ್ಲಿರುವ ನನ್ನ ಅಕ್ಕ ಗಿರಿಜ ಬಹಳ ವರ್ಷಗಳ ಮೇಲೆ ಊರಿಗೆ ಬರುವವಳಿದ್ದಳು. ಫೋನ್ ಮಾಡಿದಾಗಲೆಲ್ಲ ಅವಳದ್ದು ಒಂದೇ ಮಾತು: ಚಟ್ಲಿ ಹಾಕಿದ ಬಸಳೆ ಪದಾರ್ಥ. ಚಟ್ಲಿ ಎಂದರೆ ನಮ್ಮ ಕಡೆಯ ಸಿಗಡಿ. ಮಳೆ ಹಿಡಿದರೆ ದೋಣಿ ಇಳಿಯುವುದಿಲ್ಲ, ಚಟ್ಲಿ ಸಿಗುವುದಿಲ್ಲ. ಆದ್ದರಿಂದ ಅಮ್ಮ ಚಪ್ಪರಕ್ಕೆ ಯಾರ ಕೈಯೂ ತಾಗದಂತೆ ಕಾದಿದ್ದಳು. ಕೇಳಿ ಬಂದವರನ್ನು ಒಂದು ಕಟ್ಟು ಬಸಳೆಯೂ ಕೊಡದೆ ಕಳಿಸುವುದು ನಮ್ಮೂರಲ್ಲಿ ಸಣ್ಣ ಅಪಕೀರ್ತಿಯಲ್ಲ. ಮಗಳಿಗಾಗಿ ಅದನ್ನೂ ಹೊತ್ತಳು.

"ಮಗಾ, ಇಲ್ ಬಾ ಕಾಂಬ. ಬಸ್ಳಿ ಒಳ್ಗ್ ಎಂತದೋ ಗೂಡ್ ಇತ್ತ್!"

ನೋಡಿದರೆ, ಚಪ್ಪರದ ನಟ್ಟನಡುವೆ ನಾರಿನ ಸಣ್ಣ ಬಟ್ಟಲು. ಒಳಗೆ ಮೂರು ಬಾಯಿಗಳು. ಬಾಯಿ ಬಿಟ್ಟರೆ ಬೇರೇನೂ ಕಾಣಿಸುವಂತಿರಲಿಲ್ಲ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕುಳಿತು ತಾಯಿಹಕ್ಕಿ ನಮ್ಮನ್ನು ಬೈಯುತ್ತಿತ್ತು. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಬೊಟ್ಟು. "ಪಿಕಳಾರ" ಎಂದು ಆರಂಭಿಸಿ, ಇಷ್ಟು ವರ್ಷ ಕಟ್ಟಿಟ್ಟ ಪಾಂಡಿತ್ಯವನ್ನೆಲ್ಲ ಬಿಚ್ಚಿದೆ. ಬಳ್ಳಿ ಕೊಯ್ದರೆ ನೆರಳು ಹೋಗುತ್ತದೆ, ಬಿಸಿಲಿಗೆ ಮರಿಗಳು ಸಾಯುತ್ತವೆ, ಉಳಿದದ್ದು ಕಾಗೆಯ ಪಾಲು ಎಂದೆ.

"ಅದೆಲ್ಲ ಇರ್ಲಿ. ಇವು ಹಾರುದ್ ಯಾವಾಗ? ಗಿರ್ಜಿ ಬಪ್ಪುದ್ ಐತ್ವಾರ."

ನನ್ನ ಪಠ್ಯಪುಸ್ತಕದಲ್ಲಿ ಕಪ್ಪೆಯ ರಕ್ತ ಪರಿಚಲನೆ ಇತ್ತು, ಜಿರಳೆಯ ಬಾಯಿಯ ಅಂಗಗಳೂ ಇದ್ದವು. ಪಿಕಳಾರದ ವೇಳಾಪಟ್ಟಿ ಇರಲಿಲ್ಲ. ಆದರೂ ಗಂಭೀರವಾಗಿ, "ಐತ್ವಾರ ಹಾರತ್ತ್" ಎಂದುಬಿಟ್ಟೆ.

"ಹಾರ್ದಿದ್ರೆ? ಹಕ್ಕಿ ಗೂಡ್ ಕಂಡ್ಕಂಡ್ ಊಟ ಮಾಡುಕೆ ಆತಿಲ್ಲ ಮಾರಾಯಾ."

"ಹಾರತ್ತ್ ಅಂದೆ ಅಲ್ದಾ?"

ಅಮ್ಮ ಕತ್ತಿಯನ್ನು ಒಳಗಿಟ್ಟಳು. ಅಂದಿನಿಂದ ಮರಿಗಳ ಪ್ರಾಣ, ಅಕ್ಕನ ಊಟ, ನನ್ನ ಬಿಯೆಸ್ಸಿ ಎಲ್ಲವೂ ಒಂದೇ ಭಾನುವಾರಕ್ಕೆ ಜೋತುಬಿದ್ದವು.

ಶಾಲೆಗೆ ರಜೆ. ಕುರ್ಚಿ ಹಾಕಿ ಕುಳಿತು ನೋಡತೊಡಗಿದೆ. ನಾನು ಕುಳಿತಷ್ಟು ಹೊತ್ತೂ ಹಕ್ಕಿ ಹುಳು ಕಚ್ಚಿಕೊಂಡು ಹಗ್ಗದ ಮೇಲೇ ಉಳಿಯಿತು; ಎದ್ದು ಒಳಗೆ ಹೋದ ಕೂಡಲೇ ಗೂಡಿಗೆ ನುಗ್ಗಿತು. ಅಂದರೆ ನನ್ನ ಕುತೂಹಲಕ್ಕೆ ಮರಿಗಳು ಉಪವಾಸ! ಇನ್ನೊಂದು ಸಂಗತಿ ಅದಕ್ಕಿಂತ ಭಯಂಕರ. ತೆಂಗಿನ ಗರಿಯ ಮೇಲೆ ಒಂದು ಕಾಗೆ ಕೂರುತ್ತಿತ್ತು. ನಾನು ಗೂಡಿನ ಕಡೆ ನೋಡಿದರೆ ಅದೂ ಕತ್ತು ಓರೆ ಮಾಡಿ ಆ ಕಡೆಯೇ ನೋಡುತ್ತಿತ್ತು. ಅನುಮಾನ ಬಂದು, ಒಂದು ಪರೀಕ್ಷೆ ಮಾಡಿದೆ. ಎದ್ದು ನಿಂತು ಹಲಸಿನ ಮರದ ಒಂದು ಕೊಂಬೆಯನ್ನು ಬಹಳ ಆಸಕ್ತಿಯಿಂದ ದಿಟ್ಟಿಸಿದೆ. ಕಾಗೆ ಹಾರಿ ಹೋಗಿ ಅದೇ ಕೊಂಬೆಯಲ್ಲಿ ಹುಡುಕಾಡಿತು. ನಾನು ಪಕ್ಷಿ ವೀಕ್ಷಕನೆಂದು ಬೀಗುತ್ತಿದ್ದೆ. ಇದ್ದದ್ದು ಕಾಗೆಯ ಗೂಢಚಾರನಾಗಿ.

ಊಟಕ್ಕೆ ಕುಳಿತಾಗ ಹೆಂಡತಿ ಸುಮತಿಗೆ ಹೇಳಿದೆ. "ಹಂಗಾರೆ ಒಂದ್ ಬೆರ್ಚಪ್ಪನ್ ನಿಲ್ಸಿ" ಎಂದಳು. ಬೆರ್ಚಪ್ಪ ಎಂದರೆ ಗದ್ದೆಯಲ್ಲಿ ನಿಲ್ಲಿಸುವ ಬೆದರುಬೊಂಬೆ. ಎರಡು ಕೋಲು ಕಟ್ಟಿ, ಹುಲ್ಲು ಸುತ್ತಿ, ಮಡಕೆಯ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿ ಇಟ್ಟೆ. ಅಷ್ಟರಲ್ಲಿ ಸುಮತಿ ಅಂಗಿ ತಂದಳು. ನೋಡಿದರೆ, ಪದವಿ ಪಡೆಯುವ ದಿನಕ್ಕೆಂದು ಅಮ್ಮ ಹೊಲಿಸಿಕೊಟ್ಟಿದ್ದ ತುಂಬುತೋಳಿನ ಬಿಳಿ ಅಂಗಿ!

"ಇದನ್ನಾ?"

"ಮತ್ತೆಂತ, ಪೂಜೆ ಮಾಡ್ತ್ರ್ಯಾ? ಅದ್ರ್ ಒಳ್ಗ್ ನಿಮ್ ಹೊಟ್ಟಿ ಹೋತಿಲ್ಲ. ಬೆರ್ಚಪ್ಪಂಗಾರೂ ಗುಂಡಿ ಹಾಕುಕೆ ಆತ್ತ್."

ಕಾಗೆ ಅಂದೇ ದೂರವಾಯಿತು. ಆದರೆ ಪಿಕಳಾರ? ಮೊದಲು ಬೆರ್ಚಪ್ಪನ ಭುಜದ ಮೇಲೆ ಇಳಿಯುವುದು, ಕೊಕ್ಕು ಒರೆಸಿಕೊಳ್ಳುವುದು, ಆಮೇಲೆ ನಿಧಾನಕ್ಕೆ ಗೂಡಿಗೆ ಹೋಗುವುದು. ಮಾಗಿದ ಬಸಳೆ ಹಣ್ಣು ತಿಂದು ಅಂಗಿಯ ಮೇಲೆಲ್ಲ ನೇರಳೆ ಶಾಯಿಯ ಹಿಕ್ಕೆ ಹಾಕಿತು. ಬದುಕಿರುವ ಪದವೀಧರನನ್ನು ಕಂಡರೆ ಬೈಗುಳ, ಹುಲ್ಲು ತುಂಬಿದ ಪದವೀಧರನ ಹೆಗಲೇರಿ ಸಲಿಗೆ. ನನಗೆ ಹೊಟ್ಟೆಯುರಿಯಿತು ಎಂದರೆ ನಗಬೇಡಿ.

ಭಾನುವಾರ ಬಂದೇಬಿಟ್ಟಿತು. ಮರಿಗಳು ಗೂಡಿನ ಅಂಚಿಗೆ ಬಂದಿದ್ದವು, ಹಾರಿರಲಿಲ್ಲ. ಅಮ್ಮ ಚಟ್ಲಿ ತೊಳೆದಿಟ್ಟು, ಕತ್ತಿಯನ್ನು ಹೊಸ್ತಿಲ ಮೇಲಿಟ್ಟಿದ್ದಳು. ಹತ್ತಿರದಿಂದ ನೋಡದೆ ನನಗೆ ತಡೆಯಲಾಗಲಿಲ್ಲ. ಬೆರ್ಚಪ್ಪನನ್ನು ಮಲಗಿಸಿ, ಅವನ ಅಂಗಿಯನ್ನು ಗುಂಡಿ ಹಾಕದೆ ತೊಟ್ಟು, ಮುಟ್ಟಾಳೆಯನ್ನು ಮೂಗಿನವರೆಗೆ ಎಳೆದು, ಕೈ ಚಾಚಿ ಅವನ ಜಾಗದಲ್ಲಿ ನಿಂತೆ. ಆಹಾ, ಹಕ್ಕಿ ಬಂದು ನನ್ನ ತೋಳ ಮೇಲೆ ಕೂತಿತು! ಉಗುರಿನ ಕಚಗುಳಿ ಅಂಗಿ ದಾಟಿ ತಾಗಿತು. ಅದು ಹಗ್ಗಕ್ಕೆ ಹಾರಿ ಕರೆಯಿತು. ಒಂದು ಮರಿ ಕುಪ್ಪಳಿಸಿ ಹಗ್ಗ ಸೇರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಮಾತ್ರ ಕದಲಲಿಲ್ಲ.

ಅಷ್ಟರಲ್ಲಿ ಹಿತ್ತಿಲ ದಾರಿಯಲ್ಲಿ ಬ್ಯಾಗಿನ ಸದ್ದು, ಹಿಂದೆಯೇ ಅಕ್ಕನ ದನಿ. "ಅಮ್ಮಾ, ಈ ಬೆರ್ಚಪ್ಪಂಗ್ ಎಂತಕೆ ಇಷ್ಟ್ ದೊಡ್ಡ್ ಹೊಟ್ಟಿ ಮಾಡಿದ್ರಿ?"

ಉತ್ತರಿಸುವಂತಿಲ್ಲ, ಕದಲುವಂತಿಲ್ಲ. ಅಮ್ಮ ಕತ್ತಿ ಹಿಡಿದು ಹೊರಗೆ ಬಂದಳು, ಗೂಡು ನೋಡಿದಳು. "ಇನ್ನೂ ಒಂದ್ ಗೂಡಲ್ಲೇ ಇತ್ತಲ್ದಾ ಮಗಾ?" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದದ್ದು ಮಗನ ಓದಿನ ಬಗ್ಗೆ ಮೊದಲ ಸಂಶಯ. ಅದು ಸಿಟ್ಟಿಗಿಂತ ಜಾಸ್ತಿ ಚುಚ್ಚಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಮುಟ್ಟಾಳೆಯ ಧೂಳು ಮೂಗಿಗೆ ಹೋಯಿತು. ಹಂಚು ಹಾರುವಂತೆ ಸೀನಿದೆ. ಅಕ್ಕ ಕಿರುಚಿದಳು. ಮೂರನೆಯ ಮರಿ ಹಗ್ಗವನ್ನೂ ದಾಟಿ, ನೇರ ಹಲಸಿನ ಮರಕ್ಕೆ ಹಾರಿತು.

"ಸೀನಿ ಹಕ್ಕಿ ಹಾರ್ಸುಕೆ ಬಿಯೆಸ್ಸಿ ಬೇಕಾ?" ಎಂದು ಅಕ್ಕ ನಕ್ಕೂ ನಕ್ಕೂ ಬ್ಯಾಗಿನ ಮೇಲೇ ಕುಳಿತಳು.

"ನಗ್ಬೇಡ ಗಿರ್ಜಿ. ಅವ ಐತ್ವಾರ ಅಂದಿದ್ದ. ಐತ್ವಾರವೇ ಹಾರ್ತೋ ಇಲ್ಯೋ?" ಎಂದ ಅಮ್ಮ ಬಸಳೆಗೆ ಕತ್ತಿ ಹಾಕಿದಳು. ಮಧ್ಯಾಹ್ನ ಅಕ್ಕನಿಗಿಂತ ಮೊದಲು ನನ್ನ ಎಲೆಗೇ ಬಡಿಸಿದಳು.

ಅಮ್ಮ ಅದನ್ನು ಊರಿಗೆಲ್ಲ ಹೇಳದಿರುತ್ತಾಳೆಯೇ? ಮರುದಿನ ಬೆಳಿಗ್ಗೆ ನೆರೆಮನೆಯ ಶೀನಣ್ಣ ಬೇಲಿಯಾಚೆ ನಿಂತು ಕರೆದರು. "ಹ್ವಾಯ್ ಮೇಷ್ಟ್ರೇ, ನಮ್ಮನಿ ಹ್ಯಾಟಿ ಕೋಳಿ ಮೊಟ್ಟಿ ಮೇಲ್ ಕೂತಿತ್ತ್. ಮರಿ ಮಾಡುದ್ ಯಾವ್ ವಾರ?"

ಹಲ್ಲುಜ್ಜುತ್ತಿದ್ದ ನಾನು ಬಾಯಿ ಮುಕ್ಕಳಿಸಿ ಒಂದು ಗಳಿಗೆ ಆಕಾಶ ನೋಡಿದೆ.

"ಗುರುವಾರ" ಎಂದೆ.