ಆರು ಬೀರಪ್ಪರು ಮೂವತ್ತಾದದ್ದು

ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನನಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಎಲ್ಲರನ್ನೂ ಹಾಜರಿ ನಂಬರಿನಿಂದಲೇ ಕೂಗುತ್ತಿದ್ದೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸ್ ಫೌಜದಾರರೊಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದಾಗ, ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ‘ಮೂವತ್ತೇಳು’ ಎಂಬ ಒಂದೇ ಮಾತು. ಅವರು ಹೌದೆಂದು ತಲೆಯಾಡಿಸಿ, ಇಷ್ಟು ವರ್ಷವಾದರೂ ಗುರುತು ಹಿಡಿದಿರಲ್ಲ ಎಂದು ಕಣ್ಣು ತುಂಬಿಕೊಂಡರು. ಇಂಥವನು ಊರವರ ಹೆಸರಿನ ಗೊಡವೆಗೆ ಹೋಗಬಾರದಿತ್ತು. ಹೋದೆ.

ನಮ್ಮ ಹಿಂದಿನ ಓಣಿಯಲ್ಲಿ ನೀಲಕ್ಕ ಎಂಬ ನರ್ಸಬಾಯಿ ಇದ್ದರು. ದಿನಾ ಬಸ್ಸು ಹಿಡಿದು ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರಕ್ಕೆ ಹೋಗುತ್ತಿದ್ದರು. ಆಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಡೆಯಾಗಿ, ಅನಗವಾಡಿ ಸುತ್ತಲಿನ ಒಂದು ಸಣ್ಣ ಊರಿನವರು ಅಲ್ಲಿಗೆ ಬಂದು ನೆಲೆಸಿದ್ದರು. ನೀಲಕ್ಕನ ಬಳಿ ಎರಡು ಪಟ್ಟಿಗಳಿದ್ದವು. ಒಂದು, ಹಳೆಯ ಊರಿನಲ್ಲಿ ಅವರೇ ಬರೆದ ದಪ್ಪ ರಿಜಿಸ್ಟರು; ಯಾವ ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ ಎಂಬುದು ಅದರಲ್ಲಿತ್ತು. ಇನ್ನೊಂದು, ಹೊಸ ಜಾಗದಲ್ಲಿ ಕಚೇರಿಯವರು ಮಾಡಿದ್ದು. ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಅದರಲ್ಲಿತ್ತು. ಪಕ್ಕದ ವಸತಿಯಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎದ್ದಿತ್ತು. ದಡಾರದ ಸೂಜಿ ಆಗದ ಮಕ್ಕಳು ಈಗ ಯಾವ ಮನೆಯಲ್ಲಿದ್ದಾರೆಂದು ಅವರಿಗೆ ಬೇಗ ತಿಳಿಯಬೇಕಿತ್ತು. ಎರಡೂ ಪುಸ್ತಕಗಳ ಮೇಲೆ ಒಂದೊಂದು ಬೆರಳಿಟ್ಟುಕೊಂಡು ಹುಡುಕಿ ಹುಡುಕಿ ದಣಿದಿದ್ದರು.

ಆಗತಾನೆ ನಾನು ಆರ್ ಎಂಬ ಪ್ರೋಗ್ರಾಮು ಕಲಿತಿದ್ದೆ. ಒಂದೇ ಅಕ್ಷರದ್ದಾದ್ದರಿಂದ ಆ ಹೆಸರು ಮಾತ್ರ ಮರೆತಿರಲಿಲ್ಲ. ಎರಡು ಪಟ್ಟಿಗಳಲ್ಲೂ ಇರುವ ಒಂದು ಕಾಲಮ್ಮನ್ನು ತೋರಿಸಿ ‘ಮರ್ಜ್’ ಎಂದರೆ ಸಾಕು, ಅದು ಸಾಲಿಗೆ ಸಾಲು ಕೂಡಿಸಿ ಒಂದೇ ಪಟ್ಟಿ ಮಾಡಿಕೊಡುತ್ತದೆ. ಹತ್ತು ನಿಮಿಷದ ಕೆಲಸವೆಂದು ಕೊಚ್ಚಿಕೊಂಡೆ. ಮೂರು ದಿನ ನೀಲಕ್ಕ ಓದಿದರು, ನಾನು ಟೈಪು ಮಾಡಿದೆ. ಬೇಡವೆನಿಸಿದ ಕಾಲಮ್ಮುಗಳನ್ನು ನನ್ನ ಜಾಣತನದಿಂದ ಬಿಟ್ಟುಬಿಟ್ಟೆ. ಆಮೇಲೆ ಮಗುವಿನ ಹೆಸರಿನ ಕಾಲಮ್ಮು ತೋರಿಸಿ ಗುಂಡಿ ಒತ್ತಿದೆ.

ಪರದೆಯ ಮೇಲೆ ಬೀರಪ್ಪರೇ ಬೀರಪ್ಪರು. ಬೀರೇಶ್ವರ ದೇವರಿಗೆ ನಡೆದುಕೊಳ್ಳುವ ಊರು, ಗಂಡುಮಕ್ಕಳಿಗೂ ಆ ದೇವರ ಹೆಸರೇ. ಹಳೆಯ ಪಟ್ಟಿಯಲ್ಲಿ ಆರು ಬೀರಪ್ಪರು, ಹೊಸದರಲ್ಲಿ ಐವರು. ಯಂತ್ರ ಒಬ್ಬೊಬ್ಬ ಹಳೆಯ ಬೀರಪ್ಪನನ್ನೂ ಐದೈದು ಹೊಸ ಬೀರಪ್ಪರಿಗೆ ಗಂಟು ಹಾಕಿ ಮೂವತ್ತು ಮಾಡಿಟ್ಟಿತ್ತು. ಇಷ್ಟು ಬೀರಪ್ಪರಿಗೆ ಔಷಧ ಎಲ್ಲಿಂದ ತರಲಿ ಎಂದು ನೀಲಕ್ಕ ಮೆಲ್ಲಗೆ ಕೇಳಿದರು. ತಂದೆಯ ಹೆಸರನ್ನೂ ಸೇರಿಸಿ ನೋಡಿದೆ. ಆರರಲ್ಲಿ ಮೂವರ ತಂದೆ ಮಾಳಪ್ಪ.

ನಾನು ನಗುತ್ತಿದ್ದೆ. ನೀಲಕ್ಕ ನಗಲಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿ, “ಲಕ್ಕವ್ವ ಎಲ್ಲಿ ಅದಾಳ್ರಿ ಸರ?” ಎಂದರು. ಹುಡುಕಿದರೆ ಇಲ್ಲ. ಅವರ ರಿಜಿಸ್ಟರಿನಲ್ಲಿ ಲಕ್ಕವ್ವ ಎಂದಿದ್ದವಳನ್ನು ಕಚೇರಿಯವರು ಲಕ್ಷ್ಮೀಬಾಯಿ ಎಂದು ಬರೆದಿರಬೇಕು. ಹೆಸರು ಹೊಂದದ ಸಾಲುಗಳನ್ನು ಯಂತ್ರ ಒಂದು ಮಾತೂ ಆಡದೆ ಕೈಬಿಟ್ಟಿತ್ತು.

“ಅಕೀಗೆ ದಡಾರದ ಸೂಜಿ ಆಗಿಲ್ರಿ,” ಎಂದರು ನೀಲಕ್ಕ. “ನನಗ ಬೇಕಾದಾಕಿನ್ನ ನಿಮ್ಮ ಮಷೀನು ಕಳದೈತಿ.”

ಅಲ್ಲಿಯವರೆಗೂ ನನಗೆ ಅದು ಒಂದು ಸಾಲು ಮಾತ್ರವಾಗಿತ್ತು. ಮರುದಿನ ಕಾಲೇಜಿಗೆ ರಜೆ ಹಾಕಿ ಅವರ ಜೊತೆ ಬಸ್ಸು ಹತ್ತಿದೆ.

ಕೇಂದ್ರದಲ್ಲಿ ನೀಲಕ್ಕ ನನ್ನನ್ನು ಕರಿಯವ್ವ ಎಂಬ ಮುದುಕಿಯ ಕಟ್ಟೆಗೆ ಕರೆದೊಯ್ದರು. ಕುರಿ ಕಾಯ್ದ ಮನೆತನ, ಓದುಬರಹ ಇಲ್ಲ, ಉಣ್ಣೆ ನೂಲುತ್ತ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಮೊದಲ ಬೀರಪ್ಪನ ಹೆಸರನ್ನೂ ತಂದೆಯ ಹೆಸರನ್ನೂ ಓದಿದೆ. ಮುದುಕಿ ಕೈಯಲ್ಲಿನ ನೂಲುವ ಕದಿರು ನಿಲ್ಲಿಸದೆ ಕೇಳಿದರು:

“ಯಾವ ಊರಾಕಿ ಮಗಾ ಅಂವ?”

ನನಗೆ ತಿಳಿಯಲಿಲ್ಲ. ನೀಲಕ್ಕನಿಗೆ ತಿಳಿಯಿತು. ಅಲ್ಲಿ ಸೊಸೆಯಂದಿರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ತವರೂರಿನ ಮೇಲೆ ಲೋಕಾಪುರದಾಕಿ, ಚಿಕ್ಕಪಡಸಲಗಿಯಾಕಿ ಎನ್ನುತ್ತಾರೆ. ನೀಲಕ್ಕ ತಮ್ಮ ಹಳೆಯ ರಿಜಿಸ್ಟರಿನ ಕೊನೆಯ ಕಾಲಮ್ಮು ತೋರಿಸಿದರು. ಬಾಣಂತಿಯರು ತವರಿಗೆ ಹೋದಾಗ ಅಲ್ಲಿನ ನರ್ಸಿಗೆ ಚೀಟಿ ಕೊಡಲೆಂದು ಪ್ರತಿ ತಾಯಿಯ ತವರೂರನ್ನೂ, ಅದು ಎಷ್ಟನೆಯ ಹೆರಿಗೆ ಎಂಬುದನ್ನೂ ಸಣ್ಣಕ್ಷರದಲ್ಲಿ ಬರೆದಿಟ್ಟಿದ್ದರು. ನಾನು ಬೇಡವೆಂದು ಬಿಟ್ಟ ಕಾಲಮ್ಮುಗಳಲ್ಲಿ ಅದೂ ಒಂದು.

ನೀಲಕ್ಕ ಹೊಸ ಪಟ್ಟಿಯ ಮನೆಗಳನ್ನು ಒಂದೊಂದಾಗಿ ಕೂಗಿದರು. ಕರಿಯವ್ವ ಒಂದೊಂದಕ್ಕೂ ತಾಯಿಯ ತವರು ಹೇಳಿದರು, ಎಷ್ಟನೆಯ ಕೂಸು ಹೇಳಿದರು. ಲೋಕಾಪುರದವರು ಇಬ್ಬರಿದ್ದರೆ ಹಿರೇ ಲೋಕಾಪುರದಾಕಿ, ಸಣ್ಣ ಲೋಕಾಪುರದಾಕಿ ಎಂದು ಬಿಡಿಸಿ, ನೀಲಕ್ಕನ ರಿಜಿಸ್ಟರಿನಲ್ಲೂ ಹಾಗೇ ಬರೆಸಿದರು. ನಡುವೆ ಒಮ್ಮೆ ನೀರು ಕುಡಿದರು, ಅಷ್ಟೇ. ಊರು ನೀರಿನ ಕೆಳಗೆ ಹೋಗಿತ್ತು, ಓಣಿಗಳು ಚೆದುರಿದ್ದವು, ಮನೆ ನಂಬರುಗಳು ಬದಲಾಗಿದ್ದವು; ಆ ಮುದುಕಿಯ ತಲೆಯಲ್ಲಿ ಮಾತ್ರ ಒಂದು ಕೂಸೂ ಅದಲುಬದಲಾಗಿರಲಿಲ್ಲ. ನಾನು ಬರೆಯುವುದನ್ನು ಮರೆತು ಅವರ ಮುಖವನ್ನೇ ನೋಡುತ್ತ ಕೂತುಬಿಟ್ಟಿದ್ದೆ. ನೀಲಕ್ಕ ಎರಡು ಸಲ ಎಚ್ಚರಿಸಬೇಕಾಯಿತು.

ಆ ಸಂಜೆ ಎರಡೂ ಪಟ್ಟಿಗಳಿಗೆ ತಾಯಿಯ ತವರು, ಎಷ್ಟನೆಯ ಕೂಸು ಎಂಬ ಕಾಲಮ್ಮುಗಳನ್ನು ಸೇರಿಸಿ, ಹೆಸರಿನ ಬದಲು ಅವನ್ನೇ ತೋರಿಸಿ, ಹೊಂದದವರನ್ನೂ ಬಿಡದೆ ಇಟ್ಟುಕೊಳ್ಳೆಂದು ಯಂತ್ರಕ್ಕೆ ಹೇಳಿ, ಗುಂಡಿ ಒತ್ತಿದೆ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಎರಡೂ ಪಟ್ಟಿಗಳ ಮಕ್ಕಳು ಒಂದೇ ಸಾಲಿನಲ್ಲಿ ಬಂದು ನಿಂತರು. ಐದು ಬೀರಪ್ಪರು ಐದು ಮನೆಗಳಲ್ಲಿದ್ದರು. ಆರನೆಯವನ ಮನೆಯ ಜಾಗ ಖಾಲಿ. ಆ ಮನೆಯವರು ಕುರಿ ಹೊಡೆದುಕೊಂಡು ಮುಧೋಳದ ಕಡೆ ಹೋದವರೆಂದು ಕರಿಯವ್ವ ಮೊದಲೇ ಹೇಳಿದ್ದರು. ಲಕ್ಕವ್ವ ಮತ್ತು ಲಕ್ಷ್ಮೀಬಾಯಿ ಒಂದೇ ಸಾಲಿನಲ್ಲಿ, ಕೆರೆಯ ಕಡೆಯ ಕೊನೆಯ ಮನೆಯಲ್ಲಿದ್ದರು.

ಮುಂದಿನ ವಾರ ನೀಲಕ್ಕ ಔಷಧದ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೊರಟಾಗ ನಾನೂ ಹೋದೆ. ಲಕ್ಕವ್ವ ಅಂದರೆ ತಾಯಿಯ ಸೆರಗಿನ ಹಿಂದೆ ಅಡಗಿದ ಎರಡು ವರ್ಷದ ಹುಡುಗಿ. ಸೂಜಿ ಚುಚ್ಚಿದಾಗ ಓಣಿಯೇ ಹಾರಿಹೋಗುವ ಹಾಗೆ ಅತ್ತಳು. ಯಂತ್ರ ಕೈಬಿಟ್ಟಾಗ ಪಟ್ಟಿಯಿಂದ ಸದ್ದಿಲ್ಲದೆ ಹೋಗಿದ್ದವಳ ಆ ಅಳುವನ್ನು ನಾನು ನಿಂತು ಪೂರ್ತಿ ಕೇಳಿದೆ.

ಮರಳುವಾಗ ನೀಲಕ್ಕ ಕರಿಯವ್ವನಿಗೆ ನನ್ನನ್ನು ಈ ಸಲ ಸರಿಯಾಗಿ ಪರಿಚಯಿಸಿದರು: ದೊಡ್ಡ ಕಾಲೇಜಿನವರು, ಕಂಪ್ಯೂಟರು ಬಲ್ಲವರು, ಎರಡು ಪುಸ್ತಕ ಹೊರಬಂದಿವೆ. ನಾನು ಬೇಡವೆನ್ನುವಂತೆ ಕೈಯಾಡಿಸಿ ಇನ್ನೂ ಹೇಳಲಿ ಎಂದು ಕಾಯುತ್ತಿದ್ದೆ. ಮುದುಕಿ ಎಲ್ಲ ಕೇಳಿಸಿಕೊಂಡು, “ಅದಿರ್ಲಿ. ಇವರ ಹೇಣ್ತಿ ಯಾವ ಊರಾಕಿ?” ಎಂದರು. ರಬಕವಿ ಎಂದೆ.

“ಹಂಗಾರ ರಬಕವಿಯಾಕಿ ಗಂಡ,” ಎಂದು ಹೇಳಿ ನೂಲಿಗೆ ಮರಳಿದರು.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ವರದಿ ಮಾಡಿದೆ. ಇಷ್ಟು ಓದಿದವನಿಗೆ ಇದೇನು ಗುರುತು ಎಂಬ ಸಣ್ಣ ದೂರೂ ಅದರಲ್ಲಿತ್ತು. ಆಕೆ ಬದನೆಕಾಯಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

“ಒಬ್ಬರಾದ್ರೂ ನಿಮ್ಮನ್ನ ಸರಿಯಾದ ಕಾಲಮ್ಮಿನ್ಯಾಗ ಹಾಕಿದ್ರು ಬಿಡ್ರಿ,” ಎಂದಳು.