ಕಿವಿಗೆ ಹೋದ ಟಿಕೆಟ್ಟು

ಬಸ್ಸಿನ ಟಿಕೆಟ್ಟು ಎಷ್ಟು ಉಪಕಾರಿ ವಸ್ತು ಎಂಬುದು ಅದನ್ನು ಅಚ್ಚು ಹಾಕಿಸುವವರಿಗೇ ಗೊತ್ತಿದೆಯೋ ಇಲ್ಲವೋ! ಕೆಲವರು ಅದನ್ನು ಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸುತ್ತಾರೆ. ಕೆಲವರು ಹಲ್ಲಿನ ಸಂದಿಗೆ ಬಳಸುತ್ತಾರೆ. ನಮ್ಮ ಚಿಕ್ಕಪ್ಪ ಮಡಚಿ ಮಡಚಿ ಪುಟ್ಟ ದೋಣಿ ಮಾಡುತ್ತಿದ್ದರು. ನಾನು ಮಾತ್ರ ಕಿವಿಯ ಪಂಗಡದವನು. ಟಿಕೆಟ್ಟನ್ನು ಉದ್ದಕ್ಕೆ ಬಿಗಿಯಾಗಿ ಸುತ್ತಿ, ತುದಿ ಸ್ವಲ್ಪ ಚೂಪು ಮಾಡಿ, ಕಣ್ಣು ಅರೆಮುಚ್ಚಿ ಕಿವಿಯೊಳಗೆ ಮೆಲ್ಲಗೆ ತಿರುಗಿಸಿದರೆ, ಆಹಾ! ಡಾಕ್ಟರು ಬೈಯುತ್ತಾರೆ, ಅಮ್ಮ ಬೈಯುತ್ತಾಳೆ. ಬೈಯಲಿ ಬಿಡಿ, ಯಲಹಂಕದಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಸೀಟು ಸಿಕ್ಕಿ ಕೂತವನ ಸುಖ ಅವರಿಗೇನು ಗೊತ್ತು? ಆದರೆ ಇದೇ ಸುಖ ಒಂದು ದಿನ ನನ್ನನ್ನು ತುಂಬಿದ ಬಸ್ಸಿನ ನಡುವೆ ಕಳ್ಳನ ಹಾಗೆ ನಿಲ್ಲಿಸಿಬಿಟ್ಟಿತು.

ನಾನಾಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಸಂಜಯನಗರದ ಒಂದು ಕಾಲೇಜಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಯ ಫೈನಲ್. ವಿಷಯ, 'ದಂಡ ಹಾಕಿದರೇನೇ ಶಿಸ್ತು'. ಪರವಾಗಿ ನಾನು, ವಿರೋಧವಾಗಿ ನನ್ನ ಗೆಳೆಯ ಮಂಜು. ಹೆಸರು ಕರೆದಾಗ ಇಬ್ಬರಲ್ಲಿ ಒಬ್ಬ ಇಲ್ಲದಿದ್ದರೂ ಇಡೀ ತಂಡ ಔಟು. ನಮ್ಮ ಕಾಲೇಜು ಅಲ್ಲಿಯವರೆಗೆ ಯಾವ ಫೈನಲ್ಲಿನ ಮುಖವನ್ನೂ ಕಂಡದ್ದಲ್ಲ. ಕನ್ನಡ ಮೇಡಂ ಅಂತೂ, "ಶೀಲ್ಡ್ ನೇತುಹಾಕೋಕೆ ಗೋಡೆಗೆ ಮೊಳೆ ಹೊಡೆಸಿದ್ದೀನಿ ಕಣ್ರೋ, ಖಾಲಿ ಬಿಡಬೇಡಿ" ಎಂದು ಬೇರೆ ಹೇಳಿಬಿಟ್ಟಿದ್ದರು. ಆ ಮೊಳೆ ನನ್ನ ಎದೆಗೇ ಹೊಡೆದ ಹಾಗಿತ್ತು. ಬೆಳಿಗ್ಗೆ ಅಂಗಿಗೆ ಎರಡು ಸಲ ಇಸ್ತ್ರಿ ಮಾಡಿದೆ. ಆ ವರ್ಷದ ವಿದ್ಯಾರ್ಥಿ ಪಾಸು ಇನ್ನೂ ಕೈಗೆ ಬಂದಿರಲಿಲ್ಲವಾದ್ದರಿಂದ ಯಲಹಂಕದಲ್ಲಿ ರಾಜಾನುಕುಂಟೆ ಕಡೆಯಿಂದ ಬಂದ ಬಸ್ಸು ಹತ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕ ಕೂತಿದ್ದ ಒಬ್ಬ ಹಿರಿಯರ ಬದಿಗೆ ಕೂತು, "ದಂಡವೇ ಸಮಾಜದ ಬೆನ್ನೆಲುಬು, ಮಹನೀಯರೇ!" ಎಂದು ತುಟಿಯೊಳಗೇ ಗರ್ಜಿಸತೊಡಗಿದೆ.

ಜಕ್ಕೂರು ದಾಟುತ್ತಿದ್ದಂತೆ ಆ ಹಿರಿಯರು ನನ್ನ ಮೊಣಕೈ ಮುಟ್ಟಿದರು. "ತಮ್ಮಾ, ಟಿಕೆಟ್ ಒಸಿ ಕೊಡ್ತೀಯಾ? ಕಿವಿ ಒಂದೇ ಸಮ ಕಡೀತೈತೆ. ನಂದು ಪಾಸು ನೋಡು, ದಪ್ಪ ಕಾರ್ಡು, ಕಿವಿಗೆ ಓಗಾಕಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಆದರೆ ಕಿವಿಯವರ ಕಷ್ಟ ಕಿವಿಯವರಿಗೇ ಗೊತ್ತು! ನಾನು ಸುತ್ತಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಸುರುಳಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಕಣ್ಣು ಮುಚ್ಚಿ ತಿರುಗಿಸಿದರು, ತಲೆ ವಾಲಿಸಿದರು, "ಬದುಕಿದೆ ಕಣಪ್ಪಾ" ಎಂದರು. ಆಮೇಲೆ ಕೆಲಸ ಮುಗಿದ ಮೇಲೆ ಯಾರಾದರೂ ಮಾಡುವ ಹಾಗೆ ಅದನ್ನು ಕಿಟಕಿಯಿಂದ ಆಚೆ ಬಿಸಾಕಿ, ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿದು ಹೋದರು. ನಾನು ಭಾಷಣದ ಮೂರನೆಯ ಭಾಗದಲ್ಲಿದ್ದೆ. ನಿಜ ಹೇಳುತ್ತೇನೆ, ನನಗೇನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಹೆಬ್ಬಾಳದಲ್ಲಿ. ಎರಡೂ ಬಾಗಿಲಿನಿಂದ ಚೆಕಿಂಗ್‌ನವರು ಹತ್ತಿದರು. ನನ್ನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗಿ ಖಾಲಿ ವಾಪಸು ಬಂತು.

"ಟಿಕೆಟ್ ಎಲ್ಲಪ್ಪಾ?"

"ಇತ್ತು ಸಾರ್. ಪಕ್ಕದಲ್ಲಿದ್ದೋರು ತಗೊಂಡ್ರು."

"ಯಾಕೆ, ಅವ್ರು ಟಿಕೆಟ್ ತಗೊಂಡಿರ್ಲಿಲ್ವಾ?"

"ಅವ್ರದ್ದು ಪಾಸು ಸಾರ್."

"ಪಾಸ್ ಇರೋರಿಗೆ ನಿನ್ ಟಿಕೆಟ್ ಯಾಕಯ್ಯಾ?"

"ಕಿವಿಗೆ ಸಾರ್."

ಬಸ್ಸು ಹೋ ಎಂದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಂಡಕ್ಟರ್, "ಕೊಟ್ಟಿದ್ದೀನಿ ಸಾರ್, ನನಗೆ ನೆನಪಿದೆ" ಎಂದ. ಚೆಕಿಂಗ್‌ನವರು, "ನೀವು ಕೊಟ್ಟಿದ್ದು ಮುಖ್ಯ ಅಲ್ಲ ರೀ, ಅವನ ಹತ್ರ ಇರೋದು ಮುಖ್ಯ" ಎಂದರು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬಾಕೆ ಎದ್ದು ನಿಂತು, "ಉಡ್ಗ ನಿಜ ಏಳ್ತಾವ್ನೆ ಸಾರ್! ನಾನೇ ನೋಡಿವ್ನಿ, ಆ ಯಜಮಾನ್ರು ಲೋಕ ಮರೆತು ಕಿವಿ ಕೆರ್ಕೋತಿದ್ರು" ಎಂದು ಸಾಕ್ಷಿ ನುಡಿದಳು. ಸಾಕ್ಷಿ ಬಲವಾಗಿತ್ತು. ಕೇಸು ಮಾತ್ರ ನಿಲ್ಲಲಿಲ್ಲ. ಚೆಕಿಂಗ್‌ನವರು ನನ್ನನ್ನು ಕೆಳಗಿಳಿಸಿ ರಸೀದಿ ಪುಸ್ತಕ ತೆಗೆದರು. ಬರೆಯುವ ಮುಂಚೆ ಪೆನ್ನಿನ ಮುಚ್ಚಳವನ್ನು ತಮ್ಮ ಕಿವಿಗೆ ಹಾಕಿ ಒಂದು ಸುತ್ತು ತಿರುಗಿಸಿದರು!

ಅಷ್ಟರಲ್ಲಿ ಮಂಜುವಿನ ಫೋನು. "ಎಲ್ಲಿದ್ದೀಯೋ ಗುರು? ಚೀಟಿ ಎತ್ತಿದ್ರು, ನಮ್ದೇ ಮೊದಲನೇ ತಂಡ ಕಣೋ!"

"ಹೆಬ್ಬಾಳದಲ್ಲಿ, ದಂಡ ಕಟ್ತಾ ಇದ್ದೀನಿ."

"ಪ್ರಾಕ್ಟೀಸ್ ಸಾಕು ಮಗಾ, ಬೇಗ ಬಾ!"

ಹೊಸ ಚಪ್ಪಲಿಗೆಂದು ಅಮ್ಮ ಕೊಟ್ಟಿದ್ದ ನೋಟು ಹೋಯಿತು, ರಸೀದಿ ಬಂತು. ಹೂವಿನಾಕೆ ಡ್ರೈವರಿಗೆ, "ಬಸ್ ಎತ್ಬೇಡ ಕಣಪ್ಪಾ, ಉಡ್ಗ ಅತ್ಲಿ" ಎಂದು ಕೂಗದೇ ಇದ್ದಿದ್ದರೆ ನಮ್ಮ ಫೈನಲ್ಲು ಅಲ್ಲೇ ಮುಗಿಯುತ್ತಿತ್ತು. ಸ್ಟಾಪಿನಿಂದ ಕಾಲೇಜಿಗೆ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮಂಜು ತೀರ್ಪುಗಾರರ ಕೈಕಾಲು ಹಿಡಿದು ತಾನೇ ಮೊದಲು ಮಾತಾಡಲು ಒಪ್ಪಿಗೆ ಪಡೆದು, ಹೇಳಿದ್ದನ್ನೇ ಹೇಳುತ್ತ ನಿಂತಿದ್ದ. ನಾನು ವೇದಿಕೆ ಹತ್ತಿದೆ. ಬಾಯಿಪಾಠ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಇದ್ದದ್ದು ಹೊಟ್ಟೆಯುರಿ ಮಾತ್ರ. "ಮಹನೀಯರೇ, ಇನ್ನೊಬ್ಬರ ಟಿಕೆಟ್ಟಿನಲ್ಲಿ ಕಿವಿ ಕೆರೆದು ಆಚೆ ಬಿಸಾಕಿದವರಿಗೆ ದಂಡ ಬೇಕೋ ಬೇಡವೋ?" ಎಂದು ಅಬ್ಬರಿಸಿದೆ. ಇಡೀ ಸಭಾಂಗಣ "ಬೇಕು!" ಎಂದಿತು. ಶೀಲ್ಡು ನಮಗೇ ಬಂತು ಸ್ವಾಮಿ! ಮಂಜು ನನ್ನನ್ನು ಎತ್ತಿ ಕುಣಿಸಿದ. ಮೇಡಂ ಫೋನಿನಲ್ಲೇ ಅತ್ತರು.

ಸಂಜೆ ಶೀಲ್ಡು ತೊಡೆಯ ಮೇಲಿಟ್ಟುಕೊಂಡು, ಟಿಕೆಟ್ಟನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು ವಾಪಸು ಬರುತ್ತಿದ್ದೆ. ಕೊಡಿಗೇಹಳ್ಳಿ ಗೇಟಿನಲ್ಲಿ ಹತ್ತಿ ನನ್ನ ಪಕ್ಕವೇ ಕೂತವರು ಯಾರು ಅಂತೀರಿ? ಅವರೇ! ನನ್ನ ರಕ್ತ ಕುದಿಯಿತು.

"ಓಹೋ, ಬೆಳಗಿನ ತಮ್ಮ! ಏನಪ್ಪಾ ಇದು, ಬಹುಮಾನವಾ? ಯಾವುದ್ರ ಮೇಲೆ ಮಾತಾಡ್ದೆ?"

"ದಂಡದ ಮೇಲೆ."

"ಒಳ್ಳೇದು. ಈಗಿನ ಜನಕ್ಕೆ ಶಿಸ್ತೇ ಇಲ್ಲ ಕಣಪ್ಪಾ" ಎಂದು ನಿಟ್ಟುಸಿರು ಬಿಟ್ಟು, ಕಿವಿ ತಡವಿಕೊಂಡು, "ಟಿಕೆಟ್ ಐತಾ?" ಎಂದರು.

ಸಾವಿರ ಕಿವಿಗೆ ಕೇಳುವ ಹಾಗೆ ಅಬ್ಬರಿಸಿ ಬಂದಿದ್ದ ನನಗೆ ಈ ಎರಡು ಕಿವಿಗೆ ಹೇಳಲು ಒಂದು ಮಾತೂ ಹೊರಡಲಿಲ್ಲ. ಟಿಕೆಟ್ ಕೊಡಲಿಲ್ಲ ಅನ್ನಿ. ಜೇಬಿನಿಂದ ದಂಡದ ರಸೀದಿ ತೆಗೆದು ಕೊಟ್ಟೆ. ಅವರು ಸುತ್ತಿದರು, ತಿರುಗಿಸಿದರು, ಮುಖ ಅರಳಿತು. "ಅಬ್ಬಾ! ಗಟ್ಟಿ ಕಾಗದ. ಎಲ್ಲಿ ಕೊಡ್ತಾರಪ್ಪಾ ಇದನ್ನ?"

"ಹೆಬ್ಬಾಳದಲ್ಲಿ ಅಂಕಲ್."

ಅವರ ಆ ಸುಖ ನೋಡಿ ನನ್ನ ಕಿವಿಯೂ ಕಡಿಯತೊಡಗಿತು. ಮುಷ್ಟಿ ಬಿಚ್ಚಿ ನೋಡಿದರೆ ಟಿಕೆಟ್ಟು ಆಗಲೇ ಸುರುಳಿಯಾಗಿ ಕೂತಿದೆ, ತುದಿ ಕೂಡ ಚೂಪಾಗಿದೆ! ಇಬ್ಬರೂ ಅಕ್ಕಪಕ್ಕ ಕಣ್ಣು ಮುಚ್ಚಿದೆವು. ಕಂಡಕ್ಟರ್ "ರಾಜಾನುಕುಂಟೆ ಇಳಿಯೋರು ಮುಂದೆ ಬನ್ನಿ" ಎಂದು ಕೂಗಿದಾಗಲೇ ನಾನು ಕಣ್ಣು ಬಿಟ್ಟದ್ದು. ಅಂಕಲ್ಲಿಗೇನು, ಅವರ ಊರೇ ಅದು, ಮೇಲೆ ಪಾಸು ಬೇರೆ. ನನ್ನ ಟಿಕೆಟ್ಟು ಇದ್ದದ್ದು ಯಲಹಂಕದ ತನಕ.